ಹನ್ನೊಂದು ಮೈಲಿ ವೇಗ, ಇಪ್ಪತ್ತೊಂದು ಗಜ ದೂರ: ಬ್ರೈಸನ್ ಡಿಶಾಂಬೋ ಪ್ರಕರಣ

ಸ್ವಿಂಗ್, ಅಂದರೆ ಕ್ಲಬ್ (ಗಾಲ್ಫ್ ಕೋಲು) ಬೀಸುವ ವೇಗ ಹೆಚ್ಚಿದರೆ ಗಾಲ್ಫ್ ಚೆಂಡು ಹೆಚ್ಚು ದೂರ ಹೋಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಎಷ್ಟು ವೇಗಕ್ಕೆ ಎಷ್ಟು ದೂರ, ಆ ದೂರದಿಂದ ಸ್ಕೋರಿನಲ್ಲಿ ಎಷ್ಟು ಲಾಭ, ದೇಹ ಅದಕ್ಕೆ ತೆರುವ ಬೆಲೆ ಏನು ಎಂದು ಕೇಳಿದಾಗ ಮಾತ್ರ ಉತ್ತರಗಳು ಅಸ್ಪಷ್ಟವಾಗುತ್ತವೆ. ಇದಕ್ಕೆ ಕಾರಣವಿದೆ. ವೇಗದ ಆಟಗಾರರು ಸಾಮಾನ್ಯವಾಗಿ ಮೊದಲಿನಿಂದಲೂ ವೇಗದವರೇ. ನಿಧಾನದವರನ್ನು ಅವರ ಪಕ್ಕ ನಿಲ್ಲಿಸಿ ಹೋಲಿಸಿದರೆ ಎತ್ತರ, ತೋಳಿನ ಉದ್ದ, ಕೌಶಲ, ವಯಸ್ಸು ಎಲ್ಲವೂ ಲೆಕ್ಕದಲ್ಲಿ ಕಲಸಿಹೋಗುತ್ತವೆ. ಒಬ್ಬನೇ ಆಟಗಾರ, ಅದೇ ಎತ್ತರ, ಅದೇ ಕೈಗಳು, ಬದಲಾದದ್ದು ಮುಖ್ಯವಾಗಿ ವೇಗ ಎಂಬಂಥ ಉದಾಹರಣೆ ಬೇಕು. ಬದಲಾವಣೆಯ ಹಿಂದಿನ ಮತ್ತು ಮುಂದಿನ ಅಂಕಿಗಳೂ ದಾಖಲಾಗಿರಬೇಕು. ಅಮೆರಿಕದ ಬ್ರೈಸನ್ ಡಿಶಾಂಬೋ 2019ರಿಂದ 2021ರವರೆಗೆ ಮಾಡಿದ್ದು ಅಂಥದ್ದೊಂದು ಪ್ರಯೋಗ. ಗಾಲ್ಫ್‌ನಲ್ಲಿ ವೇಗದ ಬಗ್ಗೆ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ.

ಪ್ರಯೋಗಕ್ಕೆ ಮೊದಲು

1993ರಲ್ಲಿ ಹುಟ್ಟಿದ ಡಿಶಾಂಬೋ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು. 2015ರಲ್ಲಿ ಕಾಲೇಜು ಆಟಗಾರರ ರಾಷ್ಟ್ರೀಯ ವೈಯಕ್ತಿಕ ಪ್ರಶಸ್ತಿಯನ್ನೂ ಅಮೆರಿಕದ ಹವ್ಯಾಸಿ ಚಾಂಪಿಯನ್‌ಷಿಪ್ಪನ್ನೂ ಒಂದೇ ವರ್ಷದಲ್ಲಿ ಗೆದ್ದರು. ತಮ್ಮ ಐರನ್ ಕ್ಲಬ್‌ಗಳನ್ನೆಲ್ಲ, ಅಂದರೆ ಮಧ್ಯಮ ದೂರದ ಹೊಡೆತಗಳಿಗೆ ಬಳಸುವ ಲೋಹದ ತಲೆಯ ಕ್ಲಬ್‌ಗಳನ್ನು, ಒಂದೇ ಉದ್ದಕ್ಕೆ ಮಾಡಿಸಿಕೊಂಡಿದ್ದರು. ಯಾವ ಐರನ್ ಹಿಡಿದರೂ ನಿಲುವು ಬದಲಾಗಬಾರದು, ಸ್ವಿಂಗ್ ಬದಲಾಗಬಾರದು ಎಂಬುದು ಅದರ ಹಿಂದಿನ ತರ್ಕ. ಆಟದ ಪ್ರತಿಯೊಂದು ಭಾಗವನ್ನೂ ಅಳೆದು, ಅಳತೆ ಹೇಳಿದಂತೆ ನಡೆಯುವ ಸ್ವಭಾವ ಅವರದು. ವೇಗದ ಪ್ರಯೋಗವೂ ಅದೇ ಸ್ವಭಾವದಿಂದ ಹುಟ್ಟಿತು.

2018–19ರ ಋತುವಿನಲ್ಲಿ ಅಮೆರಿಕದ ವೃತ್ತಿಪರ ಪುರುಷರ ಸರಣಿಯಾದ ಪಿಜಿಎ ಟೂರ್‌ನಲ್ಲಿ ಅವರ ಸರಾಸರಿ ಡ್ರೈವ್, ಅಂದರೆ ಒಂದು ಹೋಲ್‌ನ (ಗುಳಿಯವರೆಗಿನ ಆಟದ ದಾರಿ) ಮೊದಲ ದೂರದ ಹೊಡೆತ, 302.5 ಗಜ. ಕ್ಲಬ್‌ನ ತಲೆ ಚೆಂಡಿಗೆ ತಾಗುವಾಗಿನ ವೇಗ ಗಂಟೆಗೆ ಸುಮಾರು 121 ಮೈಲಿ, ಅಂದರೆ 195 ಕಿಲೋಮೀಟರ್. ಇದು ಕಡಿಮೆಯೇನಲ್ಲ. ಆ ಋತುವಿನ ಟೂರ್ ಸರಾಸರಿ 294 ಗಜದ ಆಸುಪಾಸಿನಲ್ಲಿತ್ತು. ಅದಾಗಲೇ ಹಲವು ಪ್ರಶಸ್ತಿಗಳನ್ನು ಗೆದ್ದಿದ್ದ, ವಿಶ್ವದ ಮುಂಚೂಣಿಯಲ್ಲಿದ್ದ ಆಟಗಾರ ಅವರು. ಗೆಲ್ಲುತ್ತಿರುವ ಸ್ವಿಂಗನ್ನು ಸಾಮಾನ್ಯವಾಗಿ ಯಾರೂ ಕೆದಕುವುದಿಲ್ಲ. 2019ರ ಶರತ್ಕಾಲದಲ್ಲಿ ಡಿಶಾಂಬೋ ಮಾತ್ರ ತಾನು ದೇಹವನ್ನು ಬೆಳೆಸಿಕೊಂಡು ಬೇರೆಯದೇ ಆಟಗಾರನಾಗಿ ಮರಳುತ್ತೇನೆ ಎಂದು ಬಹಿರಂಗವಾಗಿಯೇ ಹೇಳಿದರು.

ಮುಂದಿನ ತಿಂಗಳುಗಳಲ್ಲಿ ಅವರ ತೂಕ ಸುಮಾರು 20 ಕಿಲೋ ಏರಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಟೂರ್ ಮೂರು ತಿಂಗಳು ನಿಂತಾಗ ಉಳಿದವರಿಗೆ ಅದು ಬಲವಂತದ ರಜೆ, ಇವರಿಗೆ ತಾಲೀಮಿಗೆ ಸಿಕ್ಕ ಬಿಡುವು. ಬೆಳಿಗ್ಗೆ ತೂಕ ಎತ್ತುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮರೆತು, ಅಳತೆಯ ಯಂತ್ರದ ಪರದೆಯನ್ನಷ್ಟೇ ನೋಡುತ್ತ, ಇದ್ದ ಶಕ್ತಿಯನ್ನೆಲ್ಲ ಹಾಕಿ ಮತ್ತೆ ಮತ್ತೆ ಹೊಡೆಯುವ ಅಭ್ಯಾಸವೂ ಜೊತೆಗಿತ್ತು. ಎಷ್ಟೋ ಜನ ತಪ್ಪು ತಿಳಿದುಕೊಂಡದ್ದು ಇಲ್ಲಿಯೇ. ಅವರಿಗೆ ಕಣ್ಣಿಗೆ ಬಿದ್ದದ್ದು ಭುಜಗಳು ಮಾತ್ರ. ಸ್ನಾಯು ದೊಡ್ಡದಾದ ಮಾತ್ರಕ್ಕೆ ವೇಗ ಬರುವುದಿಲ್ಲ. ಇಷ್ಟು ವೇಗವಾಗಿ ಚಲಿಸಬಹುದು ಎಂದು ನರಮಂಡಲಕ್ಕೆ ಕಲಿಸಬೇಕು, ಮತ್ತು ಆ ಪಾಠ ಪೂರ್ತಿ ವೇಗದ ಬೀಸಿನಲ್ಲಿ ಮಾತ್ರ ಸಿಗುತ್ತದೆ.

ವೇಗ ಹುಟ್ಟುವುದು ಎಲ್ಲಿ

ಕ್ಲಬ್‌ನ ತಲೆಗೆ ವೇಗ ನೀಡುವುದು ಕೈಗಳಲ್ಲ ಎಂದರೆ ಅತಿಶಯೋಕ್ತಿ. ಆದರೆ ಕೈಗಳು ಈ ಸರಪಣಿಯ ಕೊನೆಯ ಕೊಂಡಿ ಎಂಬುದು ನಿಜ. ಪಾದಗಳು ನೆಲವನ್ನು ಒತ್ತುತ್ತವೆ, ನೆಲ ತಿರುಗಿ ಒತ್ತುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ತೋಳು, ಕೊನೆಗೆ ಮಣಿಕಟ್ಟು. ಪ್ರತಿಯೊಂದು ಭಾಗವೂ ತನ್ನ ಗರಿಷ್ಠ ವೇಗ ಮುಟ್ಟಿ ನಿಧಾನವಾಗುವ ಹೊತ್ತಿಗೆ ಮುಂದಿನದು ವೇಗ ಪಡೆಯುತ್ತದೆ. ಕವಣೆ ಬೀಸುವವನ ಕೈ ಕೊನೆಯಲ್ಲಿ ತಡೆದಾಗ ಕಲ್ಲು ಚಿಮ್ಮುವ ಹಾಗೆ, ಕೈಗಳು ನಿಧಾನವಾದಾಗಲೇ ಕ್ಲಬ್‌ನ ತಲೆ ಮುನ್ನುಗ್ಗುತ್ತದೆ.

ಬಲವನ್ನು ಎಷ್ಟು ಉದ್ದದ ದಾರಿಯಲ್ಲಿ ಹಾಕುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಅದೇ ಬಲವನ್ನು ಹೆಚ್ಚು ದೂರ ಹಾಕಿದರೆ ಹೆಚ್ಚು ಶಕ್ತಿ ಸೇರುತ್ತದೆ. ಡಿಶಾಂಬೋ ಅವರ ಬ್ಯಾಕ್‌ಸ್ವಿಂಗ್, ಅಂದರೆ ಹೊಡೆಯುವ ಮೊದಲು ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಚಲನೆ, ಈ ಅವಧಿಯಲ್ಲಿ ದೊಡ್ಡದಾಯಿತು, ದೇಹದ ತಿರುವು ಹೆಚ್ಚಾಯಿತು. ಅಂದರೆ ದೇಹ ಬೆಳೆದು ಬಲ ಹೆಚ್ಚಿತು, ಸ್ವಿಂಗ್ ಬೆಳೆದು ದಾರಿ ಉದ್ದವಾಯಿತು. ಎರಡೂ ಒಟ್ಟಿಗೆ ನಡೆದದ್ದರಿಂದ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇವರ ದಾರಿಯನ್ನು ಅನುಕರಿಸಲು ಹೊರಟ ಅನೇಕರು ತೂಕವನ್ನಷ್ಟೇ ಅನುಕರಿಸಿದರು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

2020–21ರ ಋತುವಿನ ಹೊತ್ತಿಗೆ ಅವರ ಸರಾಸರಿ ಕ್ಲಬ್ ವೇಗ ಗಂಟೆಗೆ 132 ಮೈಲಿ ದಾಟಿತ್ತು. ಇದು ಒಂದೆರಡು ಹೊಡೆತಗಳ ಲೆಕ್ಕವಲ್ಲ, ಇಡೀ ಋತುವಿನದು. ವೇಗದಲ್ಲಿ ಹೆಚ್ಚಳ ಶೇಕಡಾ 9ರಷ್ಟು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಕ್ಲಬ್‌ನ ತಲೆಯಲ್ಲಿದ್ದ ಶಕ್ತಿ ಶೇಕಡಾ 19ರಷ್ಟು ಹೆಚ್ಚಿತು.

ವೇಗ ದೂರವಾಗುವ ಅರ್ಧ ಮಿಲಿಸೆಕೆಂಡು

ಕ್ಲಬ್‌ನ ತಲೆ ಮತ್ತು ಚೆಂಡು ಪರಸ್ಪರ ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ಚೆಂಡಿಗೆ ಎಷ್ಟು ವೇಗ, ಯಾವ ಕೋನ, ಎಷ್ಟು ತಿರುಗುವಿಕೆ ಎಂಬುದೆಲ್ಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಮುಂದಿನ ಆರೇಳು ಸೆಕೆಂಡುಗಳ ಹಾರಾಟದಲ್ಲಿ ಆಟಗಾರನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲು ಚೆಂಡಿನ ವೇಗವನ್ನು ನೋಡೋಣ. ಡ್ರೈವ್ ಹೊಡೆಯುವ ಕ್ಲಬ್ಬಾದ ಡ್ರೈವರ್‌ನ ತಲೆಯ ತೂಕ ಸುಮಾರು 200 ಗ್ರಾಂ, ಚೆಂಡಿನ ತೂಕ ನಿಯಮದಂತೆ 45.93 ಗ್ರಾಂ ಮೀರುವಂತಿಲ್ಲ. ಕ್ಲಬ್‌ನ ಮುಖ ಎಷ್ಟು ಪುಟಿಯಬಹುದು ಎಂಬುದಕ್ಕೂ ನಿಯಮದ ಮಿತಿಯಿದೆ. ಪುಟಿತದ ಗುಣಾಂಕವನ್ನು 0.83 ಎಂದು ಹಿಡಿದು ಲೆಕ್ಕ ಹಾಕಿದರೆ ಚೆಂಡಿನ ವೇಗ ಕ್ಲಬ್‌ನ ವೇಗಕ್ಕಿಂತ ಒಂದೂವರೆ ಪಟ್ಟಿಗೆ ಸ್ವಲ್ಪ ಕಡಿಮೆ ಬರುತ್ತದೆ. ಎಷ್ಟೇ ದುಬಾರಿ ಡ್ರೈವರ್ ಕೊಂಡರೂ ಈ ಗಡಿಯನ್ನು ಹೇಳಿಕೊಳ್ಳುವಷ್ಟು ದಾಟಲಾಗದು. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಆಟದವರು ಸ್ಮ್ಯಾಶ್ ಫ್ಯಾಕ್ಟರ್ ಎನ್ನುತ್ತಾರೆ. ಟ್ರ್ಯಾಕ್‌ಮ್ಯಾನ್ ರೇಡಾರ್ ಸಂಸ್ಥೆ ಹಿಂದೆ ಪ್ರಕಟಿಸಿದ ಸರಾಸರಿಗಳ ಪ್ರಕಾರ ಪಿಜಿಎ ಟೂರ್ ಆಟಗಾರರು 113 ಮೈಲಿ ವೇಗದಲ್ಲಿ ಬೀಸಿ 167 ಮೈಲಿಯ ಚೆಂಡಿನ ವೇಗ ಪಡೆಯುತ್ತಿದ್ದರು. ಭಾಗಿಸಿದರೆ 1.48. ಚೆಂಡು ನೆಲ ಮುಟ್ಟುವ ಮೊದಲು ಗಾಳಿಯಲ್ಲೇ ಕ್ರಮಿಸುತ್ತಿದ್ದ ದೂರ, ಅಂದರೆ ಕ್ಯಾರಿ, 275 ಗಜ. ಪ್ರತಿ ಮೈಲಿ ವೇಗಕ್ಕೆ ಸುಮಾರು ಎರಡೂವರೆ ಗಜ ಎಂಬ ಪ್ರಚಲಿತ ಲೆಕ್ಕ ಇಂಥ ಅಂಕಿಗಳಿಂದಲೇ ಬಂದದ್ದು.

ಡಿಶಾಂಬೋ ಅವರ ಸರಾಸರಿ ಚೆಂಡಿನ ವೇಗ 2020–21ರಲ್ಲಿ 190 ಮೈಲಿಗಿಂತ ತುಸು ಹೆಚ್ಚಿತ್ತು. ಅಭ್ಯಾಸದಲ್ಲಿ 200 ದಾಟಿದ್ದೂ ಉಂಟು. 190ನ್ನು 132ರಿಂದ ಭಾಗಿಸಿ ನೋಡಿ: 1.44. ಟೂರ್ ಸರಾಸರಿಗಿಂತ ಇದು ಕಡಿಮೆ! ಎಲ್ಲರಿಗಿಂತ ದೂರ ಹೊಡೆದ ಆಟಗಾರ ತನ್ನ ವೇಗವನ್ನು ಚೆಂಡಿಗೆ ದಾಟಿಸುವುದರಲ್ಲಿ ಎಲ್ಲರಿಗಿಂತ ಮುಂದಿರಲಿಲ್ಲ. ಘರ್ಷಣೆ ಜೋರಾದಷ್ಟೂ ಚೆಂಡು ಹೆಚ್ಚು ಅಮುಕಿಕೊಳ್ಳುತ್ತದೆ, ಅದರೊಳಗೆ ಶಾಖವಾಗಿ ಕಳೆದುಹೋಗುವ ಪಾಲೂ ಬೆಳೆಯುತ್ತದೆ. ಮುಖದ ನಡುಭಾಗದಿಂದ ಒಂದು ಸೆಂಟಿಮೀಟರ್ ಆಚೆ ತಾಗಿದರೂ ಇನ್ನಷ್ಟು ಸೋರುತ್ತದೆ. ಅವರ ದೂರ ಬಂದದ್ದು ಹೊಡೆತದ ನಯದಿಂದಲ್ಲ, ಬಂಡವಾಳವಾಗಿ ಹಾಕಿದ ವೇಗದಿಂದ.

ಕಡಿಮೆ ಲಾಫ್ಟ್‌ನ ಗುಟ್ಟು

ಡಿಶಾಂಬೋ ಆ ದಿನಗಳಲ್ಲಿ ಬಳಸುತ್ತಿದ್ದ ಡ್ರೈವರ್‌ನ ಲಾಫ್ಟ್, ಅಂದರೆ ಕ್ಲಬ್‌ನ ಮುಖ ಮೇಲಕ್ಕೆ ವಾಲಿರುವ ಕೋನ, 5.5 ಡಿಗ್ರಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡ್ರೈವರ್‌ಗಳ ಲಾಫ್ಟ್ 9ರಿಂದ 12 ಡಿಗ್ರಿ ಇರುತ್ತದೆ. ಈ ಒಂದು ಆಯ್ಕೆಯನ್ನು ಅರ್ಥ ಮಾಡಿಕೊಂಡರೆ ಇಡೀ ಪ್ರಕರಣದ ಬೀಗ ತೆರೆದಂತೆ.

ಚೆಂಡು ಹಿಂದಕ್ಕೆ ತಿರುಗುತ್ತ ಹಾರುತ್ತದೆ. ಆ ತಿರುಗುವಿಕೆ, ಅಂದರೆ ಬ್ಯಾಕ್‌ಸ್ಪಿನ್, ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ಆದರೆ ಎತ್ತುವ ಬಲ ಚೆಂಡಿನ ವೇಗದೊಂದಿಗೆ ತೀವ್ರವಾಗಿ ಏರುತ್ತದೆ. 140 ಮೈಲಿ ವೇಗದ ಚೆಂಡಿಗೆ ನಿಮಿಷಕ್ಕೆ 2,600 ಸುತ್ತು ಹಿತವಾದರೆ, 190 ಮೈಲಿಯ ಚೆಂಡನ್ನು ಅದೇ ಸ್ಪಿನ್ ಅನಗತ್ಯವಾಗಿ ಮೇಲಕ್ಕೆ ಎಳೆದೊಯ್ಯುತ್ತದೆ. ಅದು ಆಕಾಶದಲ್ಲಿ ಸಮಯ ಕಳೆದು, ಕಡಿದಾಗಿ ಬಿದ್ದು, ಬಿದ್ದಲ್ಲೇ ನಿಲ್ಲುತ್ತದೆ. ಹಾಗಾಗಿ ವೇಗ ಹೆಚ್ಚಿಸಿಕೊಂಡವನು ಸ್ಪಿನ್ ಇಳಿಸಲೇಬೇಕು. ಇಲ್ಲದಿದ್ದರೆ ಗಳಿಸಿದ ವೇಗದ ಒಂದು ಪಾಲು ದೂರವಾಗದೆ ಎತ್ತರವಾಗಿಬಿಡುತ್ತದೆ.

ಸ್ಪಿನ್ ಹುಟ್ಟುವುದು ಎರಡು ಕೋನಗಳ ಅಂತರದಿಂದ. ತಾಗುವ ಕ್ಷಣದಲ್ಲಿ ಕ್ಲಬ್‌ನ ಮುಖ ಎಷ್ಟು ಮೇಲೆ ನೋಡುತ್ತಿದೆ ಎಂಬುದು ಒಂದು, ಕ್ಲಬ್‌ನ ತಲೆ ಮೇಲಕ್ಕೋ ಕೆಳಕ್ಕೋ ಎಷ್ಟು ಡಿಗ್ರಿಯಲ್ಲಿ ಸಾಗುತ್ತಿದೆ ಎಂಬುದು ಇನ್ನೊಂದು. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಆಟಗಾರ 1 ಡಿಗ್ರಿ ಕೆಳಮುಖವಾಗಿ ಹೊಡೆಯುತ್ತಾನೆ, ಮುಖ 13 ಡಿಗ್ರಿ ಮೇಲೆ ನೋಡುತ್ತಿದೆ. ಅಂತರ 14. ಇನ್ನೊಬ್ಬ 5 ಡಿಗ್ರಿ ಮೇಲ್ಮುಖವಾಗಿ ಹೊಡೆಯುತ್ತಾನೆ, ಮುಖ 12 ಡಿಗ್ರಿಯಲ್ಲಿದೆ. ಅಂತರ 7. ಚೆಂಡು ಹೊರಡುವ ಕೋನ ಬಹುಪಾಲು ಮುಖದ ಕೋನವನ್ನೇ ಅನುಸರಿಸುವುದರಿಂದ ಇಬ್ಬರದೂ ಹೆಚ್ಚುಕಡಿಮೆ 11 ಡಿಗ್ರಿಯಲ್ಲಿ ಹೊರಡುತ್ತದೆ. ಸ್ಪಿನ್ ಮಾತ್ರ ಎರಡನೆಯವನಿಗೆ ಬಹಳ ಕಡಿಮೆ. ಮೇಲ್ಮುಖವಾಗಿ ಬೀಸಿದಾಗ ಮುಖ ತಾನಾಗಿಯೇ ಹೆಚ್ಚು ಮೇಲಕ್ಕೆ ನೋಡುತ್ತದೆ, ಶಾಫ್ಟ್ (ಕ್ಲಬ್‌ನ ದಂಡ) ಬಾಗಿ ಇನ್ನೊಂದಿಷ್ಟು ಕೋನ ಸೇರಿಸುತ್ತದೆ. ಅದನ್ನು ಹದ್ದಿನಲ್ಲಿಡಲು ಕ್ಲಬ್‌ನ ಮೂಲ ಲಾಫ್ಟನ್ನೇ ಇಳಿಸಬೇಕು. 5.5 ಡಿಗ್ರಿಯ ಡ್ರೈವರ್ ಬಂದದ್ದು ಹೀಗೆ, ಸಾಹಸ ತೋರಿಸಲಲ್ಲ. ಟೀ (ಚೆಂಡು ಕೂರಿಸುವ ಗೂಟ) ಎತ್ತರಿಸಿ, ಚೆಂಡನ್ನು ಮುಂದಿಟ್ಟು, ಮೇಲ್ಮುಖವಾಗಿ ಹೊಡೆಯುವ ಸ್ವಿಂಗಿಗೆ ಹೊಂದುವ ಕ್ಲಬ್ ಅದು. ಗಂಟೆಗೆ 90 ಮೈಲಿ ವೇಗದ ಆಟಗಾರನ ಕೈಗೆ ಅದನ್ನು ಕೊಟ್ಟರೆ ಚೆಂಡು ಮೇಲೇಳುವ ಮೊದಲೇ ನೆಲ ಸೇರುತ್ತದೆ.

ಇಪ್ಪತ್ತೆಂಟರ ಬದಲು ಇಪ್ಪತ್ತೊಂದು

ಈಗ ಅಂಕಿಗಳಿಗೆ ಬರೋಣ. 2019–20ರಲ್ಲಿ ಡಿಶಾಂಬೋ ಅವರ ಸರಾಸರಿ ಡ್ರೈವ್ 322.1 ಗಜಕ್ಕೇರಿತು. ಅಲ್ಲಿಯವರೆಗಿನ ಟೂರ್ ದಾಖಲೆ ಅದು. 2020–21ರಲ್ಲಿ ಅದನ್ನೂ ತಾವೇ ಮುರಿದು 323.7 ಗಜ ಮುಟ್ಟಿದರು. 302.5ರಿಂದ 323.7 ಎಂದರೆ ಸುಮಾರು 21 ಗಜದ ಹೆಚ್ಚಳ.

ಪ್ರತಿ ಮೈಲಿಗೆ ಎರಡೂವರೆ ಗಜದ ಲೆಕ್ಕದಲ್ಲಿ 11 ಮೈಲಿಗೆ 27–28 ಗಜ ಬರಬೇಕಿತ್ತು. ಬಂದದ್ದು ಮೈಲಿಗೆ ಎರಡು ಗಜಕ್ಕಿಂತ ತುಸು ಕಡಿಮೆ. ಉಳಿದ ಆರೇಳು ಗಜ ಎಲ್ಲಿ ಹೋಯಿತು?

ಒಂದು ಪಾಲನ್ನು ಗಾಳಿ ತಿಂದಿದೆ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣ. ಚೆಂಡು ಶೇಕಡಾ 9 ವೇಗವಾಗಿ ಹೊರಟರೆ ಅದನ್ನು ಹಿಂದಕ್ಕೆಳೆಯುವ ಬಲ ಶೇಕಡಾ 19ರಷ್ಟು ಹೆಚ್ಚಿರುತ್ತದೆ. ಆದ್ದರಿಂದ ಮೇಲಿನ ವೇಗಗಳಲ್ಲಿ ಪ್ರತಿ ಮೈಲಿಯ ಇಳುವರಿ ಕುಗ್ಗುತ್ತ ಹೋಗುತ್ತದೆ. ಇನ್ನೊಂದು ಪಾಲು ಅಳತೆಯ ಕ್ರಮದಲ್ಲಿದೆ. ಟೂರ್‌ನ ಡ್ರೈವಿಂಗ್ ದೂರದ ಅಂಕಿಗಾಗಿ ಪ್ರತಿ ಸುತ್ತಿನ 18 ಹೋಲ್‌ಗಳ ಪೈಕಿ ಎರಡರಲ್ಲಷ್ಟೇ ಅಳೆಯುತ್ತಾರೆ. ಅಲ್ಲಿ ಆಟಗಾರ ಯಾವ ಕ್ಲಬ್ ಹಿಡಿದಿದ್ದರೂ ಲೆಕ್ಕ, ಚೆಂಡು ರಫ್‌ನಲ್ಲಿ, ಅಂದರೆ ದಾರಿಯ ಪಕ್ಕದ ಉದ್ದ ಹುಲ್ಲಿನಲ್ಲಿ, ಹೂತು ನಿಂತರೂ ಲೆಕ್ಕ. ರಫ್‌ನಲ್ಲಿ ಬಿದ್ದ ಚೆಂಡು ಉರುಳುವುದಿಲ್ಲ. ಡಿಶಾಂಬೋ ಅವರ ಚೆಂಡುಗಳು ರಫ್ ಸೇರುತ್ತಿದ್ದುದೇನೂ ಅಪರೂಪವಾಗಿರಲಿಲ್ಲ.

ಮೈದಾನ ಒಣಗಿದ್ದು ಚೆಂಡು ಉರುಳಿದಾಗ ಏನಾಗಬಹುದು ಎಂಬುದನ್ನು 2020ರ ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ರಾಕೆಟ್ ಮಾರ್ಟ್‌ಗೇಜ್ ಕ್ಲಾಸಿಕ್ ತೋರಿಸಿತು. ಅಳತೆಯಾದ ಡ್ರೈವ್‌ಗಳಲ್ಲಿ ಅವರ ಸರಾಸರಿ 350.6 ಗಜ! ಮೂರು ಹೊಡೆತಗಳ ಅಂತರದಿಂದ ಗೆದ್ದರು. ಒಂದೇ ವಾರದ ಅಂಕಿಯನ್ನು ಹಿಡಿದು ವೇಗದ ಫಲ 48 ಗಜ ಎಂದು ಬರೆದವರೂ ಇದ್ದರು. ಅದು ಸರಿಯಲ್ಲ. ಒಂದು ವಾರದ ನೆಲ ಮತ್ತು ಗಾಳಿ ಒಂದು ಋತುವಿನ ಸರಾಸರಿಯನ್ನು ಹೇಳುವುದಿಲ್ಲ. ನಾನು ನೆಚ್ಚುವುದು 21 ಗಜದ ಅಂಕಿಯನ್ನೇ. ಟೂರ್ ಸರಾಸರಿಯೂ ಇದೇ ಅವಧಿಯಲ್ಲಿ ಸುಮಾರು ಎರಡು ಗಜ ಏರಿದ್ದನ್ನು ಕಳೆದರೆ ಇನ್ನೂ ಪ್ರಾಮಾಣಿಕ ಉತ್ತರ 19 ಗಜ.

ಕೇಳಲು ಇದು ಚಿಕ್ಕದೆನಿಸಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರು ಪ್ರತಿ ಹೊಡೆತದ ಮೌಲ್ಯವನ್ನು ಅಳೆಯುವ ಸ್ಟ್ರೋಕ್ಸ್ ಗೇನ್ಡ್ ವಿಧಾನವನ್ನು ರೂಪಿಸಿದವರು. ಟೂರ್ ಮಟ್ಟದ ಆಟಗಾರನಿಗೆ ಡ್ರೈವ್‌ನಲ್ಲಿ 20 ಗಜ ಹೆಚ್ಚಿದರೆ ಸುತ್ತಿಗೆ ಸುಮಾರು ಮುಕ್ಕಾಲು ಹೊಡೆತ ಉಳಿಯುತ್ತದೆ ಎಂಬುದು ಅವರ ಲೆಕ್ಕ. ನಾಲ್ಕು ಸುತ್ತಿಗೆ ಮೂರು ಹೊಡೆತ. ಟೂರ್‌ನಲ್ಲಿ ಗೆದ್ದವನಿಗೂ ಐದನೆಯವನಿಗೂ ಎಷ್ಟೋ ವಾರ ಅಷ್ಟೂ ಅಂತರ ಇರುವುದಿಲ್ಲ.

ವಿಂಗ್ಡ್ ಫುಟ್: ನೇರಕ್ಕಿಂತ ದೂರ

ಗಾಲ್ಫ್‌ನ ನಾಲ್ಕು ಪ್ರಮುಖ ಟೂರ್ನಿಗಳಲ್ಲೊಂದಾದ ಯುಎಸ್ ಓಪನ್ 2020ರಲ್ಲಿ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ವಿಂಗ್ಡ್ ಫುಟ್‌ನಲ್ಲಿ ನಡೆಯಿತು. ಇಕ್ಕಟ್ಟಾದ ಫೇರ್‌ವೇಗಳು (ಹುಲ್ಲು ಗಿಡ್ಡಗೆ ಕತ್ತರಿಸಿದ ದಾರಿಗಳು), ಪಾದ ಮುಚ್ಚುವಷ್ಟು ಹುಲ್ಲಿನ ರಫ್. ಇಲ್ಲಿ ನೇರವಾಗಿ ಹೊಡೆಯುವವನಷ್ಟೇ ಉಳಿಯುತ್ತಾನೆ ಎಂಬುದು ದಶಕಗಳ ನಂಬಿಕೆ. ಡಿಶಾಂಬೋ ನಾಲ್ಕು ದಿನಗಳಲ್ಲಿ 56 ಫೇರ್‌ವೇಗಳ ಪೈಕಿ 23ರಲ್ಲಿ ಮಾತ್ರ ಚೆಂಡು ನಿಲ್ಲಿಸಿದರು. ಆದರೂ ಆರು ಹೊಡೆತಗಳ ಅಂತರದಿಂದ ಗೆದ್ದರು. ಪಾರ್‌ಗಿಂತ, ಅಂದರೆ ನಿಗದಿತ ಹೊಡೆತಗಳ ಸಂಖ್ಯೆಗಿಂತ, ಕೆಳಗೆ ಮುಗಿಸಿದವರು ಅವರೊಬ್ಬರೇ.

ಆ ನಂಬಿಕೆ ಹೇಗೆ ಸುಳ್ಳಾಯಿತು ಎಂಬುದಕ್ಕೆ ಸರಳ ಉತ್ತರವಿದೆ. ಫೇರ್‌ವೇ ಇಕ್ಕಟ್ಟಾಗಿದ್ದರೆ ನೇರವಾಗಿ ಹೊಡೆಯುವವರೂ ಅದನ್ನು ತಪ್ಪಿಸುತ್ತಾರೆ. ಎಲ್ಲರೂ ರಫ್‌ನಲ್ಲಿದ್ದಾಗ ಯಾರು ಗ್ರೀನ್‌ಗೆ (ಗುಳಿ ಇರುವ ನುಣ್ಣನೆ ಹುಲ್ಲಿನ ಜಾಗ) ಹತ್ತಿರವಿದ್ದಾರೆ ಎಂಬುದೇ ಪ್ರಶ್ನೆ. ದಟ್ಟ ಹುಲ್ಲಿನಿಂದ ಆರನೇ ಐರನ್ ಹೊಡೆಯುವಾಗ ಹುಲ್ಲು ಕ್ಲಬ್‌ನ ಕುತ್ತಿಗೆಗೆ ಸುತ್ತಿಕೊಂಡು ಮುಖವನ್ನು ತಿರುಚುತ್ತದೆ, ಚೆಂಡು ತಗ್ಗಾಗಿ ಹೊರಟು ಗ್ರೀನ್ ಮೇಲೆ ನಿಲ್ಲದೆ ಉರುಳಿಹೋಗುತ್ತದೆ. ಅದೇ ಹುಲ್ಲಿನಿಂದ ವೆಜ್ (ಹೆಚ್ಚು ಲಾಫ್ಟ್‌ನ, ಕಡಿಮೆ ದೂರದ ಕ್ಲಬ್) ಹೊಡೆದರೆ ಕ್ಲಬ್ ಕಡಿದಾಗಿ ಇಳಿದು ಹುಲ್ಲನ್ನು ಸೀಳುತ್ತದೆ, ಚೆಂಡು ಎತ್ತರ ಹೋಗಿ ಕಡಿದಾಗಿ ಬೀಳುತ್ತದೆ. ಡಿಶಾಂಬೋ ರಫ್‌ಗೆ ಬೀಳುತ್ತಿದ್ದರು ನಿಜ, ಆದರೆ ಬೇರೆಯವರಿಗಿಂತ ಒಂದೆರಡು ಕ್ಲಬ್ ಕಡಿಮೆ ಬೇಕಾಗುವ ಜಾಗದಲ್ಲಿ ಬೀಳುತ್ತಿದ್ದರು. ಕೊನೆಯ ದಿನ ಒಂಬತ್ತನೇ ಹೋಲ್‌ನಲ್ಲಿ, ಅದು ಪಾರ್ 5, ಅವರ ಡ್ರೈವ್ 375 ಗಜ ಹೋಯಿತು. ಎರಡನೇ ಹೊಡೆತಕ್ಕೆ ಕೈಯಲ್ಲಿದ್ದದ್ದು ಪಿಚಿಂಗ್ ವೆಜ್. 40 ಅಡಿಯ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಒಳಗೆ ಹೋಗಿ ಈಗಲ್, ಅಂದರೆ ಪಾರ್‌ಗಿಂತ ಎರಡು ಹೊಡೆತ ಕಡಿಮೆ, ದಕ್ಕಿತು.

ಈ ಗೆಲುವಿನಲ್ಲಿ ಪಟ್ಟಿಂಗ್‌ನ ಪಾಲನ್ನೂ ಗ್ರೀನ್ ಸುತ್ತಲಿನ ಚಿಕ್ಕ ಹೊಡೆತಗಳ ಪಾಲನ್ನೂ ಮರೆಯಬಾರದು. ವೇಗ ಅವರನ್ನು ಗ್ರೀನ್ ಹತ್ತಿರಕ್ಕೆ ಒಯ್ದಿತು, ಕಪ್‌ನೊಳಗೆ ಚೆಂಡು ಹಾಕಲಿಲ್ಲ. ಇದಕ್ಕೆ ಇನ್ನೂ ಸ್ಪಷ್ಟ ಸಾಕ್ಷಿ 2021ರ ಮಾರ್ಚ್‌ನಲ್ಲಿ ಬೇ ಹಿಲ್‌ನಲ್ಲಿ ಸಿಕ್ಕಿತು. ಅಲ್ಲಿನ ಆರನೇ ಹೋಲ್ ದೊಡ್ಡ ಕೆರೆಯೊಂದನ್ನು ಬಳಸಿಕೊಂಡು ಬಾಗುವ ಪಾರ್ 5. ಶನಿವಾರ ಡಿಶಾಂಬೋ ಕೆರೆಯ ಮೇಲಿಂದಲೇ 370 ಗಜ ಹೊಡೆದು, ಚೆಂಡು ದಡ ಸೇರಿದ್ದು ಕಂಡು ಎರಡೂ ಕೈ ಎತ್ತಿದರು. ಭಾನುವಾರ ಅದೇ ಹೋಲ್‌ನಲ್ಲಿ 377 ಗಜ. ಜೊತೆಗೆ ಆಡುತ್ತಿದ್ದ, ಆಗ 47 ವರ್ಷದ ಲೀ ವೆಸ್ಟ್‌ವುಡ್ ಸಾಮಾನ್ಯ ದಾರಿಯಲ್ಲೇ ಹೊಡೆದು ಬಹಳ ಹಿಂದೆ ಉಳಿದರು. ಆ ಹೋಲ್‌ನಲ್ಲಿ ಇಬ್ಬರಿಗೂ ಬರ್ಡಿಯೇ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಬಂತು. ಟೂರ್ನಿಯನ್ನು ಡಿಶಾಂಬೋ ಗೆದ್ದದ್ದು ವೆಸ್ಟ್‌ವುಡ್ ವಿರುದ್ಧ ಒಂದೇ ಹೊಡೆತದಿಂದ.

ವೇಗಕ್ಕೆ ತೆತ್ತ ಬೆಲೆ

ವಿಂಗ್ಡ್ ಫುಟ್ ಆದ ಎರಡು ತಿಂಗಳಿಗೆ, 2020ರ ನವೆಂಬರ್‌ನಲ್ಲಿ ಅಗಸ್ಟಾದಲ್ಲಿ ಮತ್ತೊಂದು ಪ್ರಮುಖ ಟೂರ್ನಿಯಾದ ಮಾಸ್ಟರ್ಸ್ ನಡೆಯಿತು. ಎಲ್ಲರ ಕಣ್ಣು ಡಿಶಾಂಬೋ ಮೇಲೆ. 48 ಇಂಚು ಉದ್ದದ ಡ್ರೈವರನ್ನೂ ಅವರು ಪರೀಕ್ಷಿಸಿ ನೋಡಿದ್ದರು, ಸ್ಪರ್ಧೆಯಲ್ಲಿ ಬಳಸಲಿಲ್ಲ. ಎರಡನೇ ಸುತ್ತಿನ ಮೂರನೇ ಹೋಲ್‌ನಲ್ಲಿ ಡ್ರೈವ್ ಎಡಕ್ಕೆ ಹೋಗಿ ಮೆತ್ತಗಿನ ನೆಲದಲ್ಲಿ ಕಾಣೆಯಾಯಿತು. 34ನೇ ಸ್ಥಾನ ಹಂಚಿಕೊಂಡು ಮುಗಿಸಿದರು. 63 ವರ್ಷದ ಬರ್ನ್‌ಹಾರ್ಡ್ ಲ್ಯಾಂಗರ್ ಕೂಡ ಡಿಶಾಂಬೋಗಿಂತ ಒಂದು ಹೊಡೆತ ಮುಂದಿದ್ದರು.

ದಿಕ್ಕಿನ ತಪ್ಪು ದೂರದೊಂದಿಗೆ ಹಿಗ್ಗುತ್ತದೆ. ಕ್ಲಬ್‌ನ ಮುಖ 2 ಡಿಗ್ರಿ ತಪ್ಪಿದರೆ 280 ಗಜದ ಕ್ಯಾರಿಯಲ್ಲಿ ಚೆಂಡು ಸುಮಾರು 10 ಗಜ ಸರಿಯುತ್ತದೆ, 320 ಗಜದಲ್ಲಿ 11 ಗಜಕ್ಕೂ ಹೆಚ್ಚು. ನೇರ ರೇಖೆಯ ಈ ಲೆಕ್ಕದಲ್ಲಿ ಅಂತರ ಸಣ್ಣದು. ನಿಜವಾದ ತೊಂದರೆ ಬಾಗುವಿಕೆಯಲ್ಲಿದೆ. ಡ್ರೈವರ್‌ನ ಮುಖ ಸಪಾಟಾಗಿರುವುದಿಲ್ಲ, ಅಡ್ಡಕ್ಕೆ ತುಸು ಉಬ್ಬಿರುತ್ತದೆ. ತುದಿಯ ಕಡೆ ತಾಗಿದ ಚೆಂಡು ಹೊರಕ್ಕೆ ಹೊರಟು, ಆ ಹೊಡೆತದಿಂದಲೇ ಹುಟ್ಟಿದ ಪಕ್ಕದ ಸ್ಪಿನ್‌ನಿಂದ ಒಳಕ್ಕೆ ಮರಳಲಿ ಎಂದು ಆ ಉಬ್ಬು. ಸಾಮಾನ್ಯ ವೇಗಗಳಿಗೆ ಹೊಂದಿಸಿದ ಉಬ್ಬು 190 ಮೈಲಿಯ ಚೆಂಡಿಗೆ ಸಾಲದು. ಮರಳುವ ಬಾಗು ಹೊರಟ ಕೋನವನ್ನು ಮೀರಿ ಚೆಂಡು ಇನ್ನೊಂದು ಬದಿಗೆ ಹೋಗಿಬಿಡುತ್ತದೆ. ಡಿಶಾಂಬೋ ವರ್ಷಗಳ ಕಾಲ ಹುಡುಕಿದ್ದು ಹೆಚ್ಚು ಉಬ್ಬಿದ ಮುಖದ ಡ್ರೈವರನ್ನು. 2023ರಲ್ಲಿ ಅಂಥ ತಲೆಗೆ ಬದಲಾದ ಮೇಲೆ, ಅದೇ ಆಗಸ್ಟ್‌ನಲ್ಲಿ ಗ್ರೀನ್‌ಬ್ರಯರ್‌ನಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲೇ ಮುಗಿಸಿದರು.

ದೇಹದ ಮಾತು ಬೇರೆ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಮತ್ತು ಯುರೋಪ್ ತಂಡಗಳ ಸ್ಪರ್ಧೆಯಾದ ರೈಡರ್ ಕಪ್‌ನಲ್ಲಿ ಒಂದು ಡ್ರೈವ್ 417 ಗಜ ಹೋಯಿತು. ಆ ಬೆನ್ನಲ್ಲೇ ವಿಶ್ವ ಲಾಂಗ್ ಡ್ರೈವ್ ಚಾಂಪಿಯನ್‌ಷಿಪ್‌ನಲ್ಲಿ, ದೂರ ಹೊಡೆಯುವುದನ್ನೇ ಕಸುಬು ಮಾಡಿಕೊಂಡವರ ನಡುವೆ ನಿಂತು, ಕೊನೆಯ ಎಂಟರೊಳಗೆ ಬಂದರು. ಆ ತಯಾರಿಯಲ್ಲಿ ಅಂಗೈಗಳು ಜರ್ಜರಿತವಾಗಿದ್ದವು. 2022ರ ಏಪ್ರಿಲ್‌ನಲ್ಲಿ ಎಡಗೈಯ ಹ್ಯಾಮೇಟ್ ಮೂಳೆ (ಕಿರುಬೆರಳಿನ ಬದಿಯ ಮಣಿಕಟ್ಟಿನ ಚಿಕ್ಕ ಮೂಳೆ) ಮುರಿದದ್ದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಟೇಬಲ್ ಟೆನಿಸ್ ಆಡುವಾಗ ಜಾರಿ ಬಿದ್ದದ್ದನ್ನು ಅವರು ಕಾರಣವಾಗಿ ಹೇಳಿದ್ದರು, ಆದ್ದರಿಂದ ಪೂರ್ತಿ ದೋಷವನ್ನು ವೇಗದ ಮೇಲೆ ಹೊರಿಸುವುದು ತಪ್ಪು. ಆದರೂ ಕ್ಲಬ್‌ನ ಹಿಡಿಕೆಯ ತುದಿ ಒತ್ತುವುದು ಇದೇ ಮೂಳೆ ಇರುವ ಜಾಗವನ್ನು. ಗಾಲ್ಫ್ ಆಡುವವರಲ್ಲಿ ಇದು ಮುರಿಯುವುದನ್ನು ವೈದ್ಯರು ಮೊದಲಿನಿಂದಲೂ ಬಲ್ಲರು. ಗಾಯದ ನಂತರ ಅವರು ಆಹಾರ ಬದಲಿಸಿ, ಏರಿಸಿಕೊಂಡ ತೂಕದ ಒಳ್ಳೆಯ ಪಾಲನ್ನು ಇಳಿಸಿದರು. ದೂರ ಹೊಡೆಯುವವರ ಸಾಲಿನಿಂದ ಮಾತ್ರ ಕೆಳಗಿಳಿಯಲಿಲ್ಲ. 2024ರಲ್ಲಿ ಪೈನ್‌ಹರ್ಸ್ಟ್‌ನಲ್ಲಿ ಎರಡನೇ ಯುಎಸ್ ಓಪನ್ ಗೆದ್ದದ್ದು ಆ ಹಗುರಾದ ದೇಹದಲ್ಲೇ. ತೂಕವೇ ವೇಗ ಎಂದುಕೊಂಡವರು ಇದನ್ನು ಗಮನಿಸಬೇಕು.

ಪಕ್ಕದವರಿಗೂ ಬಿಸಿ ತಟ್ಟಿತು. ರೋರಿ ಮೆಕಿಲ್‌ರಾಯ್ ಆಗಲೇ ಟೂರ್‌ನ ಅತಿ ದೂರ ಹೊಡೆಯುವವರಲ್ಲಿ ಒಬ್ಬರು. ವಿಂಗ್ಡ್ ಫುಟ್ ನೋಡಿದ ಮೇಲೆ ತಾವೂ ವೇಗದ ಬೆನ್ನು ಹತ್ತಿದ್ದಾಗಿಯೂ, ಅದರಿಂದ ಸ್ವಿಂಗ್ ಕೆಟ್ಟಿತೆಂದೂ 2021ರ ಪ್ಲೇಯರ್ಸ್ ಟೂರ್ನಿಯಲ್ಲಿ ಅರ್ಧದಲ್ಲೇ ಹೊರಬಿದ್ದಾಗ ಅವರೇ ಒಪ್ಪಿಕೊಂಡರು. ನಿಯಮ ರೂಪಿಸುವ ಸಂಸ್ಥೆಗಳು ಡ್ರೈವರ್ ಉದ್ದವನ್ನು 46 ಇಂಚಿಗೆ ಸೀಮಿತಗೊಳಿಸುವ ಅವಕಾಶವನ್ನು 2022ರ ಜನವರಿಯಿಂದ ವೃತ್ತಿಪರ ಸ್ಪರ್ಧೆಗಳಿಗೆ ಕೊಟ್ಟವು. ಚೆಂಡಿನ ದೂರವನ್ನು ಪರೀಕ್ಷಿಸುವ ಯಂತ್ರದ ಸ್ವಿಂಗ್ ವೇಗವನ್ನು 120 ಮೈಲಿಯಿಂದ 125ಕ್ಕೆ ಏರಿಸುವುದಾಗಿ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ದೂರದ ಮಿತಿ ಅಷ್ಟೇ ಇರುವುದರಿಂದ, ಹೆಚ್ಚಿನ ವೇಗದಲ್ಲೂ ಅದೇ ಮಿತಿಯೊಳಗೆ ನಿಲ್ಲುವ ಚೆಂಡನ್ನು ಮಾಡಬೇಕಾಗುತ್ತದೆ.

ಸಾಮಾನ್ಯ ಆಟಗಾರನ ಲೆಕ್ಕ

ಈ ಪ್ರಕರಣವನ್ನು ಓದಿ ವ್ಯಾಯಾಮಶಾಲೆಗೆ ಓಡುವ ಮೊದಲು ಇನ್ನೊಂದು ಜೋಡಿ ಅಂಕಿಗಳನ್ನು ನೋಡಬೇಕು. ನನ್ನ ಮಟ್ಟಿಗೆ ಇವು ಡಿಶಾಂಬೋ ಅಂಕಿಗಳಷ್ಟೇ ಬೆಲೆಯುಳ್ಳವು. ಟ್ರ್ಯಾಕ್‌ಮ್ಯಾನ್ ಸರಾಸರಿಗಳ ಪ್ರಕಾರ ಸಾಧಾರಣ ಹವ್ಯಾಸಿ ಪುರುಷ ಆಟಗಾರನ ಡ್ರೈವರ್ ವೇಗ ಗಂಟೆಗೆ ಸುಮಾರು 93 ಮೈಲಿ. ಮಹಿಳೆಯರ ಎಲ್‌ಪಿಜಿಎ ಟೂರ್‌ನ ಆಟಗಾರ್ತಿಯರ ಸರಾಸರಿ 94. ವೇಗ ಹೆಚ್ಚುಕಡಿಮೆ ಒಂದೇ. ಆದರೆ ಹವ್ಯಾಸಿಯ ಕ್ಯಾರಿ 204 ಗಜ, ಎಲ್‌ಪಿಜಿಎ ಆಟಗಾರ್ತಿಯದು 218.

ಹದಿನಾಲ್ಕು ಗಜದ ಈ ವ್ಯತ್ಯಾಸದಲ್ಲಿ ಸ್ನಾಯುವಿನ ಪಾತ್ರ ಹೇಳಿಕೊಳ್ಳುವಷ್ಟಿಲ್ಲ. ಹವ್ಯಾಸಿಯ ಸ್ಮ್ಯಾಶ್ ಫ್ಯಾಕ್ಟರ್ 1.42, ಆಕೆಯದು 1.48. ಆತ ತುಸು ಕೆಳಮುಖವಾಗಿ ಹೊಡೆಯುತ್ತಾನೆ, ಆಕೆ 3 ಡಿಗ್ರಿ ಮೇಲ್ಮುಖವಾಗಿ. ಆತನ ಚೆಂಡು ನಿಮಿಷಕ್ಕೆ 3,200ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಆಕೆಯದು ಸುಮಾರು 2,600. 93 ಮೈಲಿ ವೇಗದಲ್ಲೇ ಇದ್ದು ಸ್ಮ್ಯಾಶ್ ಫ್ಯಾಕ್ಟರನ್ನು 1.42ರಿಂದ 1.48ಕ್ಕೆ ತಂದುಕೊಂಡರೆ ಚೆಂಡಿನ ವೇಗ ಐದೂವರೆ ಮೈಲಿ ಹೆಚ್ಚುತ್ತದೆ. ಅದೇ ಫಲವನ್ನು ವೇಗದಿಂದ ಪಡೆಯಬೇಕಾದರೆ ಸ್ವಿಂಗ್ 97 ಮೈಲಿಗೆ ಏರಬೇಕು, ಮತ್ತು ವಯಸ್ಕನೊಬ್ಬ ಹೊಸದಾಗಿ ನಾಲ್ಕು ಮೈಲಿ ಗಳಿಸುವುದು ತಿಂಗಳುಗಳ ದುಡಿಮೆ.

ಹಾಗಾಗಿ ಕ್ರಮ ಮುಖ್ಯ. ಮೊದಲು ಚೆಂಡು ಮುಖದ ಯಾವ ಜಾಗಕ್ಕೆ ತಾಗುತ್ತಿದೆ ಎಂದು ನೋಡಿ. ಮುಖದ ಮೇಲೆ ಪೌಡರ್ ಸಿಂಪಡಿಸಿ ಕೆಲವು ಚೆಂಡು ಹೊಡೆದರೆ ಗುರುತುಗಳು ತಾವೇ ಹೇಳುತ್ತವೆ. ಗುರುತುಗಳು ನಡುವಿಗೆ ಬಂದ ಮೇಲೆ ಟೀ ಎತ್ತರ, ಚೆಂಡಿನ ಜಾಗ ಮತ್ತು ಲಾಫ್ಟ್. ಈ ವೇಗದಲ್ಲಿ ಬಹುಪಾಲು ಜನರಿಗೆ ಬೇಕಾದದ್ದು 10.5 ಅಥವಾ 12 ಡಿಗ್ರಿಯ ಡ್ರೈವರ್, ದೊಡ್ಡ ಆಟಗಾರರನ್ನು ನೋಡಿ ಕೊಂಡ 9 ಡಿಗ್ರಿಯದಲ್ಲ. ಇದಾದ ಮೇಲೆಯೇ ವೇಗದ ಅಭ್ಯಾಸ. ಅದನ್ನು ಮೈ ಚೆನ್ನಾಗಿ ಬಿಸಿಯಾದ ಮೇಲೆ, ಕೆಲವೇ ಪೂರ್ತಿ ಬಲದ ಬೀಸುಗಳಾಗಿ, ಪ್ರತಿಯೊಂದರ ನಡುವೆ ಉಸಿರು ಮರಳುವಷ್ಟು ಬಿಡುವು ಕೊಟ್ಟು ಮಾಡಬೇಕು. ದಣಿದ ದೇಹ ನಿಧಾನದ ಬೀಸನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಯಂತ್ರದ ಅಂಕಿ ಇಳಿಯತೊಡಗಿದರೆ ಆ ದಿನಕ್ಕೆ ಕ್ಲಬ್ ಕೆಳಗಿಡಬೇಕು. ಮಣಿಕಟ್ಟಿನಲ್ಲೋ ಕಿರುಬೆರಳಿನ ಬುಡದ ಅಂಗೈಯಲ್ಲೋ ನೋವು ಕಾಣಿಸಿಕೊಂಡು ಒಂದೆರಡು ದಿನದಲ್ಲಿ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.